ವಾಷರ್ ಯಾರ ಲೆಕ್ಕದಲ್ಲಿ?

ಕಿರಿಯಳು: ಆಫ್ರಿಕಾದ ಹಳ್ಳಿಗಳಲ್ಲಿ ಶಾಲೆ ಕಟ್ಟಿಸುವ, ಕೊಳವೆ ಬಾವಿ ಕೊರೆಸುವ ಧಾರ್ಮಿಕ ಸಂಸ್ಥೆಗಳು ಬಹಳ. ಒಂದೇ ದೇಶವನ್ನು ಹಿಡಿದು ಅವುಗಳ ಕೆಲಸ ನೋಡುವುದಾದರೆ ಯಾವುದನ್ನು ಆರಿಸಿಕೊಳ್ಳಬೇಕು, ಸರ್?

ಹಿರಿಯರು: ಮಲಾವಿ. ಕರ್ನಾಟಕದ ಐದರಲ್ಲಿ ಮೂರು ಪಾಲಿನಷ್ಟು ವಿಸ್ತೀರ್ಣ. 2018ರ ಜನಗಣತಿಯಲ್ಲಿ ಸುಮಾರು 1.75 ಕೋಟಿ ಜನ, ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಹಳ್ಳಿಯವರು. ಪೂರ್ವದಂಚಿನಲ್ಲಿ ಸಮುದ್ರದಂಥ ಸರೋವರವಿದ್ದರೂ ಎತ್ತರದ ಊರುಗಳಿಗೆ ಆ ನೀರು ಏರುವುದಿಲ್ಲ. ಹೆಚ್ಚಿನ ಹಳ್ಳಿಗಳಿಗೆ ಕೈಪಂಪೇ ಗತಿ. ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ನರು, ಅಮೆರಿಕದ ಕಪ್ಪು ಜನಾಂಗದ ಬ್ಯಾಪ್ಟಿಸ್ಟರು, ಕ್ಯಾಥೊಲಿಕರು, ಕುವೈತಿನ ಮುಸ್ಲಿಮರು, ಹೀಗೆ ಎಲ್ಲ ಬಗೆಯವರೂ ಅಲ್ಲಿ ಕೆಲಸ ಮಾಡಿದ್ದಾರೆ. ಒಳ್ಳೆಯದು, ಕೆಟ್ಟದ್ದು ಎರಡಕ್ಕೂ ನೂರೈವತ್ತು ವರ್ಷಗಳ ದಾಖಲೆ ಇದೆ.

ಕಿರಿಯಳು: ಮೊದಲು ಬಂದವರು ಸ್ಕಾಟರೇ?

ಹಿರಿಯರು: ಬಂದು ನೆಲೆನಿಂತವರಲ್ಲಿ ಮೊದಲಿಗರು ಅವರೇ. ಫ್ರೀ ಚರ್ಚಿನವರು 1875ರಲ್ಲಿ ಸರೋವರದ ದಕ್ಷಿಣದಲ್ಲಿ ಕೇಪ್ ಮೆಕ್ಲಿಯರ್ ಎಂಬಲ್ಲಿ ಬಿಡಾರ ಹೂಡಿದರು. ಜ್ವರಕ್ಕೆ ಒಬ್ಬೊಬ್ಬರಾಗಿ ಹಲವರು ಸತ್ತರು. 1881ರಲ್ಲಿ ಬಂಡಾವೆಗೆ, ಅಲ್ಲಿಯೂ ಮಲೇರಿಯಾ ಬಿಡದೆ 1894ರಲ್ಲಿ ಖೊಂಡೊವೆಯ ಗುಡ್ಡದ ಮೇಲಕ್ಕೆ ಹೋದರು. ಆ ಜಾಗವೇ ಈಗಿನ ಲಿವಿಂಗ್‌ಸ್ಟೋನಿಯಾ. ನಾಯಕ ರಾಬರ್ಟ್ ಲಾಸ್ ಎಂಬ ವೈದ್ಯ. ಓದು ಬರಹದ ಜೊತೆಗೆ ಮರಗೆಲಸ, ಮುದ್ರಣ, ಕಲ್ಲುಗೆಲಸ ಕಲಿಸುವ ಓವರ್‌ಟೂನ್ ಇನ್‌ಸ್ಟಿಟ್ಯೂಷನ್ ಅಲ್ಲಿ ಶುರುವಾಯಿತು. ಇಪ್ಪತ್ತನೇ ಶತಮಾನದ ಆರಂಭದ ವರ್ಷಗಳಲ್ಲೇ ಗುಡ್ಡದ ಹೊಳೆಯ ನೀರು ಕೊಳವೆಯಲ್ಲಿ ಹರಿದು ಬಂತು, ಜಲವಿದ್ಯುತ್ತೂ ಬಂತು. ಶಾಲೆ ಮತ್ತು ನೀರು ಒಂದೇ ಯೋಜನೆಯ ಎರಡು ಭಾಗಗಳಾಗಿದ್ದದ್ದು ಇಂದು ನಿನ್ನೆಯದಲ್ಲ.

ಕಿರಿಯಳು: ಕನ್ನಡದವರಿಗೆ ಈ ಮಾದರಿ ಹೊಸತೇನಲ್ಲ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬರುವ ಮುಂಚೆ, 1828ರಲ್ಲೇ, ಈಗಿನ ಘಾನಾಕ್ಕೆ ಜನ ಕಳಿಸಿತ್ತು. ಎರಡು ಕಡೆಯೂ ನಿಘಂಟು, ಶಾಲೆ, ಕೈಕಸುಬು. ಅದಿರಲಿ, ಓವರ್‌ಟೂನ್ ಎಂದರೆ ಊರಿನ ಹೆಸರೇ?

ಹಿರಿಯರು: ದಾನಿಯ ಬಿರುದು. ಗ್ಲಾಸ್ಗೊ ಪಕ್ಕದಲ್ಲಿ ಕ್ರೋಮಿಯಂ ರಾಸಾಯನಿಕಗಳ ದೊಡ್ಡ ಕಾರ್ಖಾನೆ ನಡೆಸುತ್ತಿದ್ದ ಲಾರ್ಡ್ ಓವರ್‌ಟೂನ್ ಈ ಮಿಷನ್ನಿಗೆ ಕೊಡುಗೈ ದಾನಿ. ಭಾನುವಾರ ಯಾರೂ ದುಡಿಯಬಾರದು ಎನ್ನುವ ಕಟ್ಟಾ ಭಕ್ತ ಕೂಡ. 1899ರಲ್ಲಿ ಕಾರ್ಮಿಕ ನಾಯಕ ಕೀರ್ ಹಾರ್ಡಿ ಒಂದು ಕಿರುಹೊತ್ತಗೆ ಹೊರತಂದು ಆ ಕಾರ್ಖಾನೆಯ ಒಳಗನ್ನು ಬಯಲಿಗೆಳೆದ. ದಿನಕ್ಕೆ ಹನ್ನೆರಡು ಗಂಟೆ ಕೆಲಸ, ಭಾನುವಾರವೂ ಬಿಡುವಿಲ್ಲ; ಕ್ರೋಮ್ ಧೂಳಿಗೆ ಕೆಲಸಗಾರರ ಮೂಗಿನ ನಡುಗೋಡೆ ತೂತು ಬೀಳುತ್ತಿತ್ತು.

ಕಿರಿಯಳು: ಅಂದರೆ ಮಲಾವಿಯ ಹುಡುಗರ ಓದಿಗೆ ಸ್ಕಾಟ್ಲೆಂಡಿನ ಕೂಲಿಯವರ ಮೂಗು ತೆತ್ತಂತಾಯಿತು.

ಹಿರಿಯರು: ಕಠೋರವಾಗಿ ಹೇಳಿದೆ, ಆದರೆ ಸುಳ್ಳಲ್ಲ. ದಾನದ ಹಣ ಎಲ್ಲಿಗೆ ಹೋಯಿತೆಂದು ಕೇಳುವವರು ಬಹಳ. ಎಲ್ಲಿಂದ ಬಂತೆಂದು ಕೇಳಿದವರು ಕಡಿಮೆ. ಆ ಶಾಲೆಯ ಬೆಲೆ ಇದರಿಂದ ಕಮ್ಮಿಯಾಗುವುದಿಲ್ಲ. ವಸಾಹತು ಸರ್ಕಾರ ಒಂದು ಶಿಕ್ಷಣ ಇಲಾಖೆ ತೆರೆದದ್ದೇ 1926ರಲ್ಲಿ. ಅಲ್ಲಿಯವರೆಗೆ ಅಕ್ಷರ ಕಲಿತವರೆಲ್ಲ ಬಹುಮಟ್ಟಿಗೆ ಮಿಷನ್ ಶಾಲೆಗಳ ಕೂಸುಗಳು. ದೇಶದ ಮೊದಲ ಅಧ್ಯಕ್ಷ ಹೇಸ್ಟಿಂಗ್ಸ್ ಬಾಂಡಾ ಕೂಡ ಅಂಥ ಶಾಲೆಯಲ್ಲೇ ಅಕ್ಷರ ಕಲಿತದ್ದು.

ಕಿರಿಯಳು: ಕೊಡುವವರು ಯಾವಾಗಲೂ ಬಿಳಿಯರು, ತೆಗೆದುಕೊಳ್ಳುವವರು ಕರಿಯರು. ಈ ಚಿತ್ರದಿಂದ ಹೊರಗೆ ಏನೂ ನಡೆಯಲಿಲ್ಲವೇ?

ಹಿರಿಯರು: ನಡೆಯಿತು, ರಕ್ತವೂ ಹರಿಯಿತು. ಜಾನ್ ಚಿಲೆಂಬ್ವೆ ಅಮೆರಿಕದ ವರ್ಜೀನಿಯಾದಲ್ಲಿ ಓದಿ ಪಾದ್ರಿಯಾಗಿ 1900ರಲ್ಲಿ ಊರಿಗೆ ಮರಳಿದ. ಅವನ ಬೆನ್ನಿಗೆ ಅಮೆರಿಕದ ಕಪ್ಪು ಬ್ಯಾಪ್ಟಿಸ್ಟರ ಸಂಘಟನೆ ಇತ್ತು. ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳು ಕೂಡಿಸಿದ ಹಣ ಅದು. ಚಿರಾಡ್ಜುಲು ಸೀಮೆಯಲ್ಲಿ ಅವನು ಪ್ರಾವಿಡೆನ್ಸ್ ಇಂಡಸ್ಟ್ರಿಯಲ್ ಮಿಷನ್ ಕಟ್ಟಿ ಸುತ್ತ ಶಾಲೆಗಳನ್ನು ತೆರೆದ. ಪಕ್ಕದ ಮಗೊಮೆರೊ ಎಸ್ಟೇಟಿನ ವ್ಯವಸ್ಥಾಪಕನಿಗೆ ಇದು ಸಹಿಸಲಿಲ್ಲ. ಎಸ್ಟೇಟಿನ ನೆಲದಲ್ಲಿ ಎದ್ದ ಪ್ರಾರ್ಥನಾ ಮಂದಿರಗಳನ್ನೂ ಶಾಲೆಗಳನ್ನೂ ಸುಡಿಸಿದ. ಬಿಟ್ಟಿ ದುಡಿಮೆ, ಗುಡಿಸಲು ತೆರಿಗೆ, ಮಹಾಯುದ್ಧಕ್ಕೆ ಹೊರೆಯಾಳುಗಳ ನೇಮಕ ಎಲ್ಲ ಸೇರಿ 1915ರ ಜನವರಿಯಲ್ಲಿ ಬಂಡಾಯವೆದ್ದಿತು. ವ್ಯವಸ್ಥಾಪಕ ಕೊಲೆಯಾದ, ಕೆಲವೇ ದಿನಗಳಲ್ಲಿ ಚಿಲೆಂಬ್ವೆಯೂ ಗುಂಡಿಗೆ ಬಲಿಯಾದ, ಅವನು ಇಟ್ಟಿಗೆಯಲ್ಲಿ ಕಟ್ಟಿದ ಚರ್ಚನ್ನು ಸರ್ಕಾರ ಸಿಡಿಸಿ ಕೆಡವಿತು. ಮಿಷನ್ ಮತ್ತೆ ಬಾಗಿಲು ತೆರೆದದ್ದು 1926ರಲ್ಲಿ, ಅಮೆರಿಕದಲ್ಲಿ ವೈದ್ಯಕೀಯ ಓದಿ ಬಂದ ಅವನ ಶಿಷ್ಯ ಡೇನಿಯಲ್ ಮಲೆಕೆಬು ಕೈಯಲ್ಲಿ. ಇಂದು ಚಿಲೆಂಬ್ವೆಯ ಮುಖ ಮಲಾವಿಯ ನೋಟುಗಳ ಮೇಲಿದೆ.

ಕಿರಿಯಳು: ಮಿಷನ್ ಶಾಲೆಯಿಂದ ಹೊರಗೇ ಉಳಿದವರು ಯಾರು?

ಹಿರಿಯರು: ಮಾಂಗೊಚಿ, ಮಚಿಂಗಾ ಕಡೆಯ ಯಾವೊ ಜನ. ಅವರು ಬಹುಪಾಲು ಮುಸ್ಲಿಮರು. ಶಾಲೆಗೆ ಸೇರಿಸಿದರೆ ಮಗನ ಹೆಸರು ಬದಲಾಗುತ್ತದೆ, ಧರ್ಮ ಬದಲಾಗುತ್ತದೆ ಎಂಬ ಹೆದರಿಕೆ ಅವರದು. ಅದು ಬರಿಯ ಕಲ್ಪನೆಯಾಗಿರಲಿಲ್ಲ. ಹೀಗೆ ಒಂದಿಡೀ ಸೀಮೆ ಓದಿನಲ್ಲಿ ತಲೆಮಾರುಗಟ್ಟಲೆ ಹಿಂದೆ ಬಿತ್ತು. ಧರ್ಮಸಂಸ್ಥೆಯ ಶಾಲೆಯಿಂದ ಆಗುವ ನಷ್ಟ ಶಾಲೆಯ ಒಳಗೆ ಕಾಣುವುದಿಲ್ಲ. ಬರದೇ ಹೋದ ಮಕ್ಕಳ ಮನೆಗಳಲ್ಲಿ ಇರುತ್ತದೆ.

ಈ ಸೀಮೆಗೆ ತಡವಾಗಿಯಾದರೂ ಇನ್ನೊಂದು ದಿಕ್ಕಿನಿಂದ ನೆರವು ಬಂತು. ಕುವೈತಿನ ವೈದ್ಯ ಅಬ್ದುಲ್ ರಹಮಾನ್ ಅಲ್ ಸುಮೈತ್ ಒಬ್ಬ ದಾನಿಯ ಪರವಾಗಿ ಮಸೀದಿ ಕಟ್ಟಿಸಲೆಂದು ಮಲಾವಿಗೆ ಹೋದವರು. ಅಲ್ಲಿನ ಬಡತನ ನೋಡಿ 1981ರಲ್ಲಿ ಒಂದು ಸಮಿತಿ ಮಾಡಿದರು. ಅದು ಬೆಳೆದು ಆಫ್ರಿಕಾ ಮುಸ್ಲಿಮ್ಸ್ ಏಜೆನ್ಸಿ ಆಯಿತು, ಮುಂದೆ ಡೈರೆಕ್ಟ್ ಏಡ್ ಎಂದು ಹೆಸರು ಬದಲಿಸಿಕೊಂಡಿತು. ಆಫ್ರಿಕಾದ ಹಲವು ದೇಶಗಳಲ್ಲಿ ಬಾವಿ, ಶಾಲೆ, ಅನಾಥಾಲಯಗಳನ್ನು ಕಟ್ಟಿಸಿತು. ಅವರು ತೀರಿಕೊಂಡದ್ದು 2013ರಲ್ಲಿ.

ಕಿರಿಯಳು: ಸ್ವತಂತ್ರ ಮಲಾವಿಯಲ್ಲಿ ಈ ಶಾಲೆಗಳ ಗತಿ ಏನಾಯಿತು?

ಹಿರಿಯರು: 1964ರ ನಂತರವೂ ಉಳಿದವು. ಈಗಲೂ ಪ್ರಾಥಮಿಕ ಶಾಲೆಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳ ಒಡೆತನ ಧಾರ್ಮಿಕ ಸಂಸ್ಥೆಗಳದು, ಸಂಬಳ ಕೊಡುವುದು ಸರ್ಕಾರ. ನಮ್ಮ ಅನುದಾನಿತ ಶಾಲೆಗಳ ಹಾಗೆ ಅಂದುಕೋ. ಆದರೆ ಮಲಾವಿಯ ಓದಿಗೆ ಚರ್ಚು ಮಾಡಿದ ಅತಿ ದೊಡ್ಡ ಕೆಲಸ ಯಾವುದು ಎಂದು ಕೇಳಿದರೆ, ಅದು ಕಟ್ಟಡವಲ್ಲ ಎಂದೇ ಹೇಳಬೇಕು. ಒಂದು ಪತ್ರ.

ಕಿರಿಯಳು: ಪತ್ರವೇ?

ಹಿರಿಯರು: 1992ರ ಮಾರ್ಚ್ 8ರ ಭಾನುವಾರ ದೇಶದ ಕ್ಯಾಥೊಲಿಕ್ ಚರ್ಚುಗಳಲ್ಲೆಲ್ಲ ಬಿಷಪ್ಪರ ಪತ್ರವೊಂದನ್ನು ಓದಲಾಯಿತು. ಬಾಂಡಾನ ಏಕಪಕ್ಷದ ಆಳ್ವಿಕೆಯಲ್ಲಿ ಬಾಯಿ ಬಿಟ್ಟವರು ಜೈಲು ಸೇರುತ್ತಿದ್ದ ಕಾಲ. ಶಾಲೆಗಳು ಕಿಕ್ಕಿರಿದಿವೆ, ಆಸ್ಪತ್ರೆಗಳಲ್ಲಿ ಎಲ್ಲರಿಗೂ ಸಮನಾದ ಆರೈಕೆಯಿಲ್ಲ, ಜನ ಮಾತಾಡಲು ಹೆದರುತ್ತಾರೆ ಎಂದು ಅದರಲ್ಲಿ ನೇರವಾಗಿ ಬರೆದಿತ್ತು. ಸರ್ಕಾರ ಬಿಷಪ್ಪರನ್ನು ಪೊಲೀಸರ ಮುಂದೆ ನಿಲ್ಲಿಸಿ ವಿಚಾರಿಸಿತು. ಅಷ್ಟರಲ್ಲಿ ಪತ್ರ ಕೈಯಿಂದ ಕೈಗೆ ಊರೂರು ಮುಟ್ಟಿಯಾಗಿತ್ತು. ಪ್ರೆಸ್ಬಿಟೇರಿಯನ್ನರೂ ಬೆಂಬಲಕ್ಕೆ ಬಂದರು. 1993ರ ಜೂನ್‌ನಲ್ಲಿ ಜನಮತಗಣನೆ, 1994ರಲ್ಲಿ ಬಹುಪಕ್ಷ ಚುನಾವಣೆ. ಗೆದ್ದ ಬಕಿಲಿ ಮುಲುಝಿ ಸರ್ಕಾರ ಅದೇ ವರ್ಷ ಪ್ರಾಥಮಿಕ ಶಾಲೆಯ ಶುಲ್ಕ ರದ್ದು ಮಾಡಿತು. ಸುಮಾರು 19 ಲಕ್ಷವಿದ್ದ ಮಕ್ಕಳ ಸಂಖ್ಯೆ ಒಂದೇ ವರ್ಷದಲ್ಲಿ 29 ಲಕ್ಷದ ಹತ್ತಿರ ಹೋಯಿತು.

ಕಿರಿಯಳು: ಹತ್ತು ಲಕ್ಷ ಮಕ್ಕಳು ಒಂದೇ ಏಟಿಗೆ! ಕೂರಲು ಜಾಗ?

ಹಿರಿಯರು: ಇರಲಿಲ್ಲ. ಮರದ ನೆರಳೇ ತರಗತಿಯಾಯಿತು. ತರಬೇತಿಯಿಲ್ಲದ ಸಾವಿರಾರು ಮಂದಿಯನ್ನು ಮೇಷ್ಟರಾಗಿ ತುಂಬಿಕೊಂಡರು. ಒಂದನೇ ತರಗತಿಯಲ್ಲಿ ನೂರಕ್ಕೂ ಮೇಲೆ ಮಕ್ಕಳು ಕೂತಿರುವ ಶಾಲೆಗಳು ಇಂದಿಗೂ ಇವೆ. ವಿದೇಶಿ ಸಂಸ್ಥೆಗಳು ತರಗತಿ ಕಟ್ಟಿಸಲು ಮುಗಿಬಿದ್ದದ್ದು ಆಗಲೇ. ಅಲ್ಲಿ ಎಲ್ಲರೂ ಎಡವಿದ ಕಲ್ಲು ಒಂದಿದೆ: ಮೇಷ್ಟರ ಮನೆ.

ಕಿರಿಯಳು: ಕ್ವಾರ್ಟರ್ಸು.

ಹಿರಿಯರು: ಅದೇ. ಪೇಟೆಯಿಂದ ದೂರದ ಹಳ್ಳಿಗೆ ಹೊಸ ತರಗತಿ ಬಂತೆನ್ನು. ಬಣ್ಣ ಹೊಡೆದಾಯಿತು, ಫೋಟೊ ತೆಗೆದಾಯಿತು. ಪಾಠ ಹೇಳುವವಳು ಎಲ್ಲಿ ಮಲಗಬೇಕು? ಬಾಡಿಗೆ ಮನೆ ಸಿಗದ ಊರು, ನೀರು ದೂರ. ಆಕೆ ಒಂದು ವರ್ಷ ಹೇಗೋ ತಳ್ಳಿ ವರ್ಗ ಕೇಳುತ್ತಾಳೆ. ಹಳ್ಳಿ ಶಾಲೆಗೆ ಶಿಕ್ಷಕರು ನಿಲ್ಲುವುದು ಮನೆ, ನೀರು, ಬಾಗಿಲಿರುವ ಶೌಚಾಲಯ ಇದ್ದಾಗ. ದೊಡ್ಡ ಹುಡುಗಿಯರು ಶಾಲೆ ಬಿಡದಂತೆ ತಡೆಯುವುದೂ ಆ ಬಾಗಿಲೇ. ದಾನ ಕೇಳುವ ಕರಪತ್ರದಲ್ಲಿ ಮಾತ್ರ ಕಾಣುವುದು ತರಗತಿ. ಮೇಷ್ಟರ ಮನೆಗೆ ಹಣ ಎತ್ತುವುದು ಕಷ್ಟ.

ಕಿರಿಯಳು: ಹೊಟ್ಟೆಯ ಕಥೆ? ನಮ್ಮಲ್ಲಿ ಬಿಸಿಯೂಟ ಬಂದ ಮೇಲೆ ಹಾಜರಾತಿ ಹೆಚ್ಚಿದ್ದನ್ನು ಎಲ್ಲರೂ ನೋಡಿದ್ದೇವೆ.

ಹಿರಿಯರು: ಅಲ್ಲಿ ಆ ಕೆಲಸಕ್ಕೆ ಇಳಿದದ್ದು ಮೇರೀಸ್ ಮೀಲ್ಸ್. ಸ್ಕಾಟ್ಲೆಂಡಿನ ಮ್ಯಾಗ್ನಸ್ ಮೆಕ್‌ಫರ್ಲೇನ್ ಬ್ಯಾರೊ ಕಟ್ಟಿದ ಸಂಸ್ಥೆ. ಬೋಸ್ನಿಯಾ ಯುದ್ಧದ ನಿರಾಶ್ರಿತರಿಗೆ 1992ರಲ್ಲಿ ಸಾಮಾನು ಒಯ್ದದ್ದು ಅವರ ಮೊದಲ ಹೆಜ್ಜೆ. ಹೆಸರು ಯೇಸುವಿನ ತಾಯಿಯದು, ಬೇರು ಕ್ಯಾಥೊಲಿಕ್ ಭಕ್ತಿಯದು, ತಟ್ಟೆ ಮಾತ್ರ ಯಾವ ಧರ್ಮದ ಮಗುವಿಗಾದರೂ ಸಿಗುತ್ತದೆ. 2002ರಲ್ಲಿ, ಮಲಾವಿಯ ಬರಗಾಲದಲ್ಲಿ, 200 ಮಕ್ಕಳಿಂದ ಶುರುವಾಯಿತು. ಈಗ ಹಲವು ದೇಶಗಳಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಊಟ. ಕೊಡುವುದು ಮುಸುಕಿನ ಜೋಳ, ಸೋಯಾ ಹಿಟ್ಟಿನ ಗಂಜಿ, ಲಿಕುನಿ ಫಾಲಾ ಎನ್ನುತ್ತಾರೆ. ನಸುಕಿನಲ್ಲೇ ಎದ್ದು ಬೇಯಿಸುವವರು ಊರಿನ ತಾಯಂದಿರು, ಸಂಬಳವಿಲ್ಲದೆ, ಸರದಿಯ ಮೇಲೆ.

ಕಿರಿಯಳು: ಬಡವರ ಬಿಟ್ಟಿ ದುಡಿಮೆ ಎಂದು ಯಾರೂ ಆಕ್ಷೇಪಿಸಲಿಲ್ಲವೇ?

ಹಿರಿಯರು: ಆಕ್ಷೇಪಿಸಬಹುದಾದದ್ದೇ. ಬೆಳಗಿನ ಹೊತ್ತು ಹೊಲದ ಕೆಲಸಕ್ಕೂ ಬೇಕು. ಆದರೆ ಬೇಯಿಸುವ ಹೊಣೆ ಊರಿನದಾದ್ದರಿಂದಲೇ ಹಿಟ್ಟಿನ ಮೂಟೆ ಎಷ್ಟು ಬಂತು, ಎಷ್ಟು ಕರಗಿತು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಕಳ್ಳತನಕ್ಕೆ ಅಷ್ಟು ದೊಡ್ಡ ಕಾವಲು ಬೇರೆಲ್ಲೂ ಸಿಗದು. ಗಂಜಿಗೆ ನೀರು ಬೇಕಲ್ಲ, ಹಾಗಾಗಿ ಅಲ್ಲಿಂದ ಮಾತು ಮತ್ತೆ ಪಂಪಿಗೇ ಬರುತ್ತದೆ.

ಕಿರಿಯಳು: ಪಂಪಿನ ಕಥೆಯಲ್ಲಿ ನಮ್ಮ ಸೀಮೆಯೂ ಇದೆ, ಸರ್. 1960ರ ದಶಕದ ಬರದಲ್ಲಿ ಮಹಾರಾಷ್ಟ್ರದ ಹಳ್ಳಿಗಳಿಗೆ ಎರಕದ ಕಬ್ಬಿಣದ ಕೈಪಂಪು ಹಾಕಿದರು. ಅವು ಹೊರದೇಶದಲ್ಲಿ ಒಂದು ಮನೆಯ ಬಳಕೆಗೆ ಮಾಡಿದ ಮಾದರಿಯವು. ಇಡೀ ಊರು ಬೆಳಗಿನಿಂದ ಸಂಜೆವರೆಗೆ ಜಗ್ಗಿದರೆ ತಾಳುತ್ತವೆಯೇ? ಮುರಿದು ಬಿದ್ದವು. ಜಾಲ್ನಾ, ಸೊಲ್ಲಾಪುರಗಳಲ್ಲಿ ಮಿಷನ್ನಿನವರ ಕಾರ್ಯಾಗಾರಗಳು ಉಕ್ಕಿನ ಗಟ್ಟಿ ಪಂಪು ಮಾಡಿದವು. ಹಿಡಿಕೆಗೆ ಬೇರಿಂಗ್, ಸರಳಿಗೆ ಸರಪಳಿ. 1970ರ ದಶಕದ ಕೊನೆಗೆ ಯುನಿಸೆಫ್, ಭಾರತ ಸರ್ಕಾರ, ಮದ್ರಾಸಿನ ರಿಚರ್ಡ್‌ಸನ್ ಅಂಡ್ ಕ್ರೂಡಾಸ್ ಕಾರ್ಖಾನೆ ಸೇರಿ ಅದನ್ನೇ ತಿದ್ದಿ ಇಂಡಿಯಾ ಮಾರ್ಕ್ 2 ಮಾಡಿದರು. ಬಯಲುಸೀಮೆಯ ಊರೂರಲ್ಲಿ ‘ಬೋರಿಂಗ್’ ಎಂದರೆ ಇದೇ.

ಹಿರಿಯರು: ಅದೇ ಪಂಪು ಹಡಗು ಹತ್ತಿ ಉಗಾಂಡ, ಜಾಂಬಿಯಾ, ಮಾಲಿಗೂ ಹೋಯಿತು. ಗಟ್ಟಿ ಪಂಪು, ಅನುಮಾನವಿಲ್ಲ. ಆದರೆ ಕೆಟ್ಟಾಗ ಕಬ್ಬಿಣದ ಪೈಪುಗಳನ್ನೆಲ್ಲ ಮೇಲೆತ್ತಬೇಕು. ಅದಕ್ಕೆ ಮೆಕ್ಯಾನಿಕ್ಕು, ಸಲಕರಣೆ, ನಾಲ್ಕು ಆಳು ಬೇಕು. ಆಮ್ಲೀಯ ಅಂತರ್ಜಲ ಇರುವಲ್ಲಿ ಪೈಪು ತುಕ್ಕು ಹಿಡಿದು ನೀರು ಕೆಂಪಾಗುತ್ತದೆ, ಹೆಂಗಸರು ಪಂಪು ಬಿಟ್ಟು ಮತ್ತೆ ಹಳ್ಳದ ನೀರಿಗೆ ಹೋಗುತ್ತಾರೆ. ಅದಕ್ಕಾಗಿ 1980ರ ದಶಕದಲ್ಲಿ, ವಿಶ್ವಸಂಸ್ಥೆಯ ಕುಡಿಯುವ ನೀರಿನ ದಶಕ ನಡೆಯುತ್ತಿದ್ದಾಗ, ಅಫ್ರಿಡೆವ್ ಎಂಬ ಪಂಪು ಹುಟ್ಟಿತು. ಮಲಾವಿಯಲ್ಲೇ ರೂಪುಗೊಂಡಿದ್ದ ಮಾಲ್ಡೆವ್ ಪಂಪಿನ ತಲೆಗೆ ಪಿವಿಸಿ ಪೈಪು ಸೇರಿತು. ಕೀನ್ಯಾದ ಕ್ವಾಲೆಯಲ್ಲಿ ಪರೀಕ್ಷೆ ನಡೆಯಿತು. ಪೈಪು ಎತ್ತದೆಯೇ ಒಳಗಿನ ವಾಲ್ವು ಹೊರಕ್ಕೆ ಬರುತ್ತದೆ. ಒಂದೆರಡು ಸ್ಪ್ಯಾನರ್ ಇದ್ದರೆ ಊರಿನ ಹೆಂಗಸರೇ ಬಿಚ್ಚಿ ಜೋಡಿಸಬಹುದು. ಮಲಾವಿ ಇದನ್ನೇ ದೇಶದ ಮಾದರಿಯಾಗಿ ಒಪ್ಪಿತು. 250 ಜನಕ್ಕೊಂದು ಪಂಪು ಎಂಬುದು ಅಲ್ಲಿನ ಸರ್ಕಾರಿ ಲೆಕ್ಕ.

ಕಿರಿಯಳು: ಇಷ್ಟು ಸುಲಭವಾದ ಪಂಪು ಇದ್ದೂ ಏಕೆ ಕೆಟ್ಟು ನಿಲ್ಲುತ್ತವೆ?

ಹಿರಿಯರು: ಇಡೀ ವಿಷಯದ ಗಂಟು ಇಲ್ಲಿದೆ, ನೋಡಮ್ಮ. ಗ್ರಾಮೀಣ ನೀರು ಸರಬರಾಜಿನವರ ಅಂತರರಾಷ್ಟ್ರೀಯ ಜಾಲವೊಂದು 2009ರಲ್ಲಿ ಸಹಾರಾದ ದಕ್ಷಿಣದ ಇಪ್ಪತ್ತು ದೇಶಗಳ ಅಂಕಿ ಕೂಡಿಸಿತು. ಕೈಪಂಪುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ನೀರು ಕೊಡುತ್ತಿರಲಿಲ್ಲ. ಅಫ್ರಿಡೆವ್‌ಗೆ ವರ್ಷಕ್ಕೊಮ್ಮೆಯಾದರೂ ವಾಷರ್ ಬದಲಿಸಬೇಕು, ಆಗಾಗ್ಗೆ ಬುಷ್ ಬೇರಿಂಗು. ಬಾವಿ ಕೊರೆಸುವ ಖರ್ಚಿನ ಮುಂದೆ ಅದರ ಬೆಲೆ ಏನೇನೂ ಅಲ್ಲ. ಆದರೆ ಬಾವಿಯ ಹಣ ಹೊರಗಿನವರದು, ವಾಷರ್ ಹಣ ಊರಿನದು. ಸುಗ್ಗಿಯಲ್ಲಿ ವಂತಿಗೆ ಸೇರುತ್ತದೆ. ಹಸಿವಿನ ತಿಂಗಳುಗಳಾದ ಡಿಸೆಂಬರಿನಿಂದ ಮಾರ್ಚಿವರೆಗೆ ಯಾರ ಹತ್ತಿರವೂ ಕಾಸಿರುವುದಿಲ್ಲ. ಪಂಪು ಕೆಡುವುದಕ್ಕೆ ಪಂಚಾಂಗ ಬೇಕೇ?

ಅದಕ್ಕಿಂತ ಕೆಟ್ಟದ್ದು, ಕೆಟ್ಟ ಪಂಪಿನ ಪಕ್ಕಕ್ಕೇ ಇನ್ನೊಂದು ಸಂಸ್ಥೆ ಬಂದು ಹೊಸ ಬಾವಿ ಕೊರೆಸಿ ಹೋಗುವುದು. ಹಳೆಯದನ್ನು ದುರಸ್ತಿ ಮಾಡಿಸಿದ ಊರಿಗೆ ಖರ್ಚು, ಮಾಡಿಸದ ಊರಿಗೆ ಹೊಸ ಪಂಪು. ಕಾದು ಕೂತವರು ಜಾಣರು ಎಂದು ದಾನವೇ ಕಲಿಸಿಕೊಟ್ಟಂತಾಯಿತು.

ಕಿರಿಯಳು: ಧಾರ್ಮಿಕ ಸಂಸ್ಥೆಗಳು ಇದರಲ್ಲಿ ಬೇರೆಯವರಿಗಿಂತ ಮೇಲೋ ಕೀಳೋ?

ಹಿರಿಯರು: ಎರಡೂ. ಕೀಳು ಏಕೆಂದರೆ ಭಕ್ತನಿಗೆ ಆರಂಭವೆಂದರೆ ಪ್ರೀತಿ. ಇಸ್ಲಾಮಿನಲ್ಲಿ ಸದಕಾ ಜಾರಿಯಾ ಎಂಬ ಕಲ್ಪನೆ ಇದೆ: ಕೊಟ್ಟವನು ತೀರಿಕೊಂಡ ಮೇಲೂ ಪುಣ್ಯ ಹರಿಯುತ್ತಲೇ ಇರುವ ದಾನ. ಬಾವಿ ತೋಡಿಸುವುದು ಅದರಲ್ಲಿ ಮುಖ್ಯವಾದದ್ದು. ತಂದೆತಾಯಿಯ ನೆನಪಿಗೆ ಹೆಸರು ಕೆತ್ತಿಸಿ ಬಾವಿ ಕೊಡುತ್ತಾರೆ. ಕ್ರೈಸ್ತ ಸಭೆಗಳದೂ ಇದೇ ರೀತಿ. ಕೆರೆ ಕಟ್ಟಿಸು, ಬಾವಿ ಸವೆಸು ಎಂದು ಹೇಳುತ್ತ ಬಂದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಜವಾಗಿ ನೋಡಿದರೆ ನೀರು ನಿಂತ ದಿನ ಆ ಪುಣ್ಯವೂ ನಿಲ್ಲಬೇಕು. ಹಾಗಾಗಿ ವಾಷರ್ ಹಣವೇ ಹೆಚ್ಚು ಧಾರ್ಮಿಕವಾದ ದಾನ. ಆದರೆ ವಾಷರ್ ಮೇಲೆ ಹೆಸರು ಕೆತ್ತಿಸಲು ಜಾಗವಿಲ್ಲ.

ಮೇಲು ಏಕೆಂದರೆ ಯೋಜನೆ ಮುಗಿದ ಮೇಲೂ ಚರ್ಚು, ಮಸೀದಿ ಊರಲ್ಲೇ ಇರುತ್ತವೆ. ಮೂರು ವರ್ಷದ ಯೋಜನೆಯ ಕಚೇರಿ ಜೀಪು ಹತ್ತಿ ಹೊರಟು ಹೋಗುತ್ತದೆ. ಮಲಾವಿಯ ಪ್ರೆಸ್ಬಿಟೇರಿಯನ್ ಸಭೆಯಲ್ಲಿ ಮ್ವಾನೊ ಎಂಬ ಹೆಂಗಸರ ಕೂಟವಿದೆ. ಸಾವು, ರೋಗ, ಮದುವೆ ಎಲ್ಲಕ್ಕೂ ವಂತಿಗೆ ಎತ್ತಿ ರೂಢಿಯಿರುವವರು. ಲೆಕ್ಕ ಇಡುವ, ಕೊಡದವರ ಮನೆಗೆ ಹೋಗಿ ಕೇಳುವ ಧೈರ್ಯ ಅಂಥ ಕೂಟಗಳಿಗೆ ಇರುತ್ತದೆ. ಹೊರಗಿನ ಹಣ ಇವರ ಕೈ ಹಾದು ಬಂದರೆ ಪಂಪು ಬಾಳುತ್ತದೆ, ಇವರ ತಲೆಯ ಮೇಲಿಂದ ಹಾರಿ ಬಂದರೆ ಬಾಳುವುದಿಲ್ಲ.

ಕಿರಿಯಳು: ಆಗ ಪಂಪು ಒಂದು ಸಭೆಯವರ ಸೊತ್ತಾಗಿಬಿಡುವುದಿಲ್ಲವೇ? ಬೇರೆ ಧರ್ಮದವಳು ಕೊಡ ಹಿಡಿದು ಬಂದರೆ?

ಹಿರಿಯರು: ಆ ಅಪಾಯ ಇದ್ದೇ ಇದೆ. ನೆರವನ್ನು ಯಾವುದೇ ರಾಜಕೀಯ, ಧಾರ್ಮಿಕ ನಿಲುವನ್ನು ಮುಂದೊತ್ತಲು ಬಳಸಬಾರದು ಎಂದು ರೆಡ್ ಕ್ರಾಸ್ ಮತ್ತು ದೊಡ್ಡ ನೆರವು ಸಂಸ್ಥೆಗಳು ಸೇರಿ 1994ರಲ್ಲಿ ನೀತಿಸಂಹಿತೆ ಮಾಡಿಕೊಂಡವು. ಹಲವು ಧಾರ್ಮಿಕ ಸಂಸ್ಥೆಗಳು ಸಹಿ ಹಾಕಿವೆ. ಸಣ್ಣ ಸಭೆಗಳು ಹಾಕಿಲ್ಲ. ಪಂಪನ್ನು ಚರ್ಚಿನ ಕಾಂಪೌಂಡಿನ ಒಳಗೆ ಕೊರೆಸಿದರೆ ಯಾವ ಸಂಹಿತೆಯೂ ಉಪಯೋಗಕ್ಕೆ ಬಾರದು. ಜಾಗವನ್ನು ಊರ ಮುಖ್ಯಸ್ಥ, ಹೆಂಗಸರು, ನೀರು ಸಮಿತಿ ಕೂತು ಆರಿಸುವುದೇ ಇದಕ್ಕೆ ಮದ್ದು.

ಕಿರಿಯಳು: ನಂಬಿಕೆ ನೀರಿಗೆ ಅಡ್ಡ ಬರುವುದು ಹೀಗೆ ಮಾತ್ರವೇ?

ಹಿರಿಯರು: ಬೇರೆ ರೀತಿಯಲ್ಲೂ ಬಂದದ್ದುಂಟು. ಪೂರ್ವ ಆಫ್ರಿಕಾದ ಬಿರುಕು ಕಣಿವೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಪಾವಗಡದವರಿಗೆ ಆ ಕಂದು ಹಲ್ಲು ಅಪರಿಚಿತವಲ್ಲ. ಕೀನ್ಯಾದ ನಕುರು ಕ್ಯಾಥೊಲಿಕ್ ಧರ್ಮಪ್ರಾಂತದವರು ಸುಟ್ಟ ಮೂಳೆಯ ಇದ್ದಿಲಿನಿಂದ ಫ್ಲೋರೈಡ್ ಹೀರಿಸುವ ಶೋಧಕ ಮಾಡಿ ಹಳ್ಳಿ, ಶಾಲೆಗಳಿಗೆ ಕೊಟ್ಟರು. ಅಗ್ಗದ, ಒಳ್ಳೆಯ ವಿಧಾನ. ಆದರೆ ಅದು ಯಾವ ಪ್ರಾಣಿಯ ಮೂಳೆ ಎಂಬ ಪ್ರಶ್ನೆ ಏಳುತ್ತದೆ. ಮುಸ್ಲಿಮರಿಗೂ, ಹಿಂದೂಗಳಿಗೂ ಬೇರೆ ಬೇರೆ ಕಾರಣಕ್ಕೆ ಅಳುಕು. ರಸಾಯನಶಾಸ್ತ್ರ ಗೆದ್ದ ಮಾತ್ರಕ್ಕೆ ಜನ ಆ ನೀರು ಕುಡಿಯುತ್ತಾರೆ ಎಂದೇನಿಲ್ಲ.

ಕಿರಿಯಳು: ಇತ್ತೀಚಿನ ವರ್ಷಗಳಲ್ಲಿ?

ಹಿರಿಯರು: 2022ರಲ್ಲಿ ಶುರುವಾದ ಕಾಲರಾ ಮಲಾವಿಯ ಇತಿಹಾಸದಲ್ಲೇ ಅತಿ ಭೀಕರ, 1,700ಕ್ಕೂ ಹೆಚ್ಚು ಸಾವು. ಅದು ಇಳಿಯುವ ಮುಂಚೆಯೇ 2023ರ ಮಾರ್ಚಿನಲ್ಲಿ ಫ್ರೆಡ್ಡಿ ಚಂಡಮಾರುತ ದಕ್ಷಿಣ ಜಿಲ್ಲೆಗಳನ್ನು ಕೊಚ್ಚಿತು. ಶಾಲೆ, ಚರ್ಚುಗಳು ನಿರಾಶ್ರಿತರ ಶಿಬಿರಗಳಾದವು, ಪಾಠ ನಿಂತಿತು. ಕೆಸರು ತುಂಬಿದ ಬಾವಿಗಳನ್ನು ಬಳಿದು ಕ್ಲೋರಿನ್ ಹಾಕಿ ಮತ್ತೆ ತೆರೆಯಬೇಕಾಯಿತು. ಹೊಸ ಬಾವಿಗೆಂದು ಕೊಟ್ಟ ಹಣವನ್ನು ಇಂಥ ದುರಸ್ತಿಗೆ ತಿರುಗಿಸಲು ದಾನಿಯ ಒಪ್ಪಿಗೆ ಬೇಕು. ಯಾವ ಷರತ್ತೂ ಹಾಕದೆ ಕೊಟ್ಟ ಹಣ ಎಷ್ಟು ಬೆಲೆಯದು ಎಂಬುದು ಅಂಥ ಹೊತ್ತಿನಲ್ಲಿ ಕಾಣುತ್ತದೆ.

ಕಿರಿಯಳು: ಹಾಗಾದರೆ ಒಂದು ಸಂಸ್ಥೆಯ ವಾರ್ಷಿಕ ವರದಿ ಕೈಗೆ ಬಂದರೆ ಮೊದಲು ಏನು ನೋಡಬೇಕು?

ಹಿರಿಯರು: ಈ ವರ್ಷದ್ದನ್ನಲ್ಲ, ಐದು ವರ್ಷ ಹಿಂದಿನದನ್ನು ತೆಗೆದುಕೊಳ್ಳಬೇಕು. ಅದರಲ್ಲಿ ಕೊರೆಸಿದ್ದೇವೆಂದ ಬಾವಿಗಳಲ್ಲಿ ಎಷ್ಟರಲ್ಲಿ ಇಂದು ನೀರಿದೆ ಎಂಬ ಅಂಕಿ ಈ ವರ್ಷದ ವರದಿಯಲ್ಲಿ ಇದೆಯೇ ನೋಡಬೇಕು. ದುರಸ್ತಿಗೆ ಬೇರೆ ಬಾಬತ್ತಿನಲ್ಲಿ ಹಣ ತೋರಿಸಿದ್ದಾರೆಯೇ, ಶಾಲೆಯ ಜೊತೆ ಮೇಷ್ಟರ ಮನೆ ಕಟ್ಟಿಸಿದ್ದಾರೆಯೇ, ಸಂಬಳ ಪಡೆಯುವವರಲ್ಲಿ ಆ ದೇಶದವರು ಎಷ್ಟು ಮಂದಿ ಎಂಬುದೂ ಅಲ್ಲೇ ತಿಳಿಯುತ್ತದೆ.

ಕಿರಿಯಳು: ವರದಿಯಲ್ಲಿ ಅದು ಯಾವುದೂ ಇಲ್ಲದಿದ್ದರೆ?

ಹಿರಿಯರು: ಪತ್ರ ಬರೆದು ಕೇಳುವುದು. ಕೆಟ್ಟ ಪಂಪುಗಳ ಪಟ್ಟಿಯನ್ನು ಮುಚ್ಚಿಡದೆ ಕಳಿಸುವ ಸಂಸ್ಥೆಗಳೂ ಇವೆ. ಹಣ ಕೊಡುವುದಾದರೆ ಅಂಥವಕ್ಕೆ.